ಹಳದಿ ಮಬ್ಬು

ಸ್ಪಿರಿಟ್ಟಿನ ವಾಸನೆ, ಹತ್ತಿಯುಂಡೆ ಅದ್ದಿದಾಗ ಏಳುವ ತಣ್ಣನೆಯ ವಾಸನೆ, ರಕ್ತ ತೆಗೆಯುವ ಕೋಣೆಯ ಬಾಗಿಲನ್ನು ಯಾರೋ ಹಾಗೇ ಬಿಟ್ಟಿರಬೇಕು, ನೇರ ಇವಳ ಮೇಜಿನ ತನಕ ಬರುತ್ತಿದೆ, ಅದರ ಹಿಂದೆಯೇ ದೊಡ್ಡ ಫ್ರಿಜ್ಜುಗಳ ಗುಂಯ್ ಸದ್ದು — ನಿಂತುಹೋದರೆ ಮಾತ್ರ ಗಮನಕ್ಕೆ ಬರುವ ಸದ್ದು ಅದು, ಗಂಡನ ಗೊರಕೆಯ ಥರ, ಅಂದುಕೊಂಡು ಒಳಗೊಳಗೇ ನಕ್ಕಳು, ನಗು ಮುಗಿಯುವ ಮೊದಲೇ ಮೇಜಿನ ಫೋನು ಬಡಿದುಕೊಂಡಿತು. ಅತ್ತಿಗೆ, ಸ್ವಲ್ಪ ಬರ್ತೀರಾ. ಅಷ್ಟೇ, ಆಮೇಲೆ ಉಸಿರು. ನಾದಿನಿಯ ದನಿ, ಆದರೆ ನಾದಿನಿ ಇಷ್ಟು ಚಿಕ್ಕದಾಗಿ ಮಾತಾಡಿದ್ದನ್ನು ಇವಳು ಮದುವೆಯಾಗಿ ಬಂದಂದಿನಿಂದ ಕೇಳಿಲ್ಲ, ಗಂಡನ ಒಬ್ಬಳೇ ತಂಗಿ, ಮನೆಯವರೆಲ್ಲ ಇಟ್ಟ ಹೆಸರು ರೇಡಿಯೋ, ಒಮ್ಮೆ ಹಚ್ಚಿದರೆ ಕರೆಂಟು ಹೋದರೂ ನಿಲ್ಲದ ರೇಡಿಯೋ, ರಕ್ತ ಕೊಡಲು ಬಂದು ಸೂಜಿ ನೋಡಿ ಬಿಳಿಚಿಕೊಂಡವರನ್ನೂ ಮಾತಿನಲ್ಲೇ ಕೂರಿಸಿಬಿಡುತ್ತಾಳೆ, ಈ ರಕ್ತನಿಧಿಯಲ್ಲಿ ಕಂಪ್ಯೂಟರ್ ಕಾಯೋರು ಬೇಕಂತೆ ಅತ್ತಿಗೆ ಅಂತ ಸುದ್ದಿ ತಂದವಳೂ ಅವಳೇ, ಇವಳನ್ನು ಇಲ್ಲಿಗೆ ತಳ್ಳಿಕೊಂಡು ಬಂದವಳೂ ಅವಳೇ. ರೇಡಿಯೋ ಇಷ್ಟು ಮೆತ್ತಗಾಗಿದೆ ಅಂದರೆ ಅತ್ತೆಗೇನಾದರೂ — ಇಲ್ಲ, ಬೆಳಿಗ್ಗೆ ಅತ್ತೆ ಟೀವಿ ರಿಮೋಟು ಹುಡುಕಿಕೊಂಡು ಮನೆಯೆಲ್ಲ ತಿರುಗುತ್ತಿದ್ದರು, ಚೆನ್ನಾಗಿಯೇ ಇದ್ದರು — ಚಪ್ಪಲಿ ಮೆಟ್ಟಿಕೊಂಡು ಕಾರಿಡಾರಿಗೆ ಬಂದಾಗಲೂ ಕಾಲು ಯಾಕೋ ಬೇಗ ಬೇಗ ಬೀಳುತ್ತಿದೆ.

ಕೌಂಟರಿನಲ್ಲಿ ನಾದಿನಿ ಕುರ್ಚಿಯ ತುದಿಯಲ್ಲಿ ಕೂತಿದ್ದಾಳೆ, ಪರದೆಯನ್ನು ಬೇರೆಯವರಿಗೆ ಕಾಣದ ಹಾಗೆ ತನ್ನ ಕಡೆ ತಿರುಗಿಸಿಕೊಂಡು. ಫೋಟೋ ಬಂದಿದೆ ಅತ್ತಿಗೆ, ಅಂದಳು. ಯಾರ ಫೋಟೋ ಅಂತ ಕೇಳಬೇಕಾಗಿರಲಿಲ್ಲ. ಎರಡು ಸಲ ಹೊಟ್ಟೆಯಲ್ಲಿ ಆಸೆ ಹುಟ್ಟಿಸಿ ಎರಡು ಸಲವೂ ನಿಲ್ಲದೆ ಹೋದ ಮೇಲೆ ಅವಳೂ ಅವಳ ಗಂಡನೂ ದತ್ತು ತೆಗೆದುಕೊಳ್ಳುತ್ತೇವೆ ಅಂತ ಸಂಸ್ಥೆಯೊಂದರಲ್ಲಿ ಬರೆಸಿ ಬಂದಿದ್ದರು, ಸಂಸ್ಥೆಯ ಹೆಂಗಸು ಮನೆಗೆ ಬಂದು ಕಿಟಕಿಯ ಸರಳು ಅಲ್ಲಾಡಿಸಿ ನೋಡಿ, ಬಚ್ಚಲಿನ ನೆಲ ಜಾರುತ್ತದಾ ಅಂತ ಪಾದ ಉಜ್ಜಿ ನೋಡಿ ಹೋಗಿದ್ದಳು, ಆವತ್ತೇ ಸಂಜೆ ಅವನು ಮೇಜಿನ ಮೂಲೆಗಳಿಗೆಲ್ಲ ಉಪ್ಪುಕಾಗದ ತಿಕ್ಕಿ ದುಂಡಗೆ ಮಾಡಿದ, ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚುವ ಕೈ, ಹೆಣ್ಣು ಮಗುವಾದರೆ ಅಂತ ನೆಲ ಒರೆಸುವ ಮಾಪಿನ ದಾರಗಳಿಗೆ ಜಡೆ ಹಾಕಿ ಅಭ್ಯಾಸ ಮಾಡುತ್ತಿದ್ದ, ಇಡೀ ಮನೆ ಬಿದ್ದು ಬಿದ್ದು ನಕ್ಕಿತ್ತು, ಮಾಪಿಗೆ ರಿಬ್ಬನ್ ಕಟ್ಟಿದ್ದು ಮಾತ್ರ ಅತ್ತೆ. ಆಮೇಲೆ ಕಾಯುವುದು, ಮೊದಲು ಕರೆ ಬರುತ್ತದೆ, ಆಮೇಲೆ ಫೋಟೋ ಬರುತ್ತದೆ, ಅಂತ ಹೇಳಿದ್ದರಂತೆ, ನಾದಿನಿಗೆ ಕರೆ ಬರಲಿಲ್ಲ, ಫೋಟೋ ಬಂತು. ಕೌಂಟರಿನ ಇಮೇಲಿಗೆ ಬಂದ ಪತ್ರದಲ್ಲಿ ಸಂಸ್ಥೆಯ ಹೆಸರು, ಅವಳ ಪೂರ್ತಿ ಹೆಸರು, ನಿಮಗೆ ಗೊತ್ತುಮಾಡಿರುವ ಮಗುವಿನ ಚಿತ್ರ ಇದರ ಜೊತೆಗಿದೆ ಅಂತ ಒಂದು ಸಾಲು. ತೆರೆದ ಫೈಲಿನ ತುಂಬ ಒಂದು ಮಬ್ಬು, ನಡುವೆ ಹಳದಿ, ಅದರ ಮೇಲೆ ಒಂದು ಹಿಡಿ ಕಪ್ಪು, ಪಕ್ಕಕ್ಕೆ ಏನೋ ಚಾಚಿಕೊಂಡಿದೆ, ಕೈಯಿರಬೇಕು. ಅದರ ಮೇಲೆ ದಪ್ಪಕ್ಷರ: ಮಗುವಿನ ಹಿತದೃಷ್ಟಿಯಿಂದ ಚಿತ್ರವನ್ನು ಮಸುಕು ಮಾಡಲಾಗಿದೆ, ಸ್ಪಷ್ಟವಾಗಿ ನೋಡಲು ಮೇಲಿರುವ ಅನುಮತಿ ಗುಂಡಿ ಒತ್ತಿ.

ಮೇಲೆ ಗುಂಡಿ ಇರಲಿಲ್ಲ. ಗುಂಡಿಯನ್ನು ತೆಗೆದವಳು ಇವಳೇ, ಈ ಕಟ್ಟಡದ ಎಲ್ಲ ಕಂಪ್ಯೂಟರುಗಳಲ್ಲೂ, ಹೊರಗಿನಿಂದ ಬಂದ ಯಾವ ಫೈಲೂ ತನ್ನ ಹೊಟ್ಟೆಯಲ್ಲಿ ಪ್ರೋಗ್ರಾಮು ಅಡಗಿಸಿಕೊಂಡು ಬಂದು ಇಲ್ಲಿ ಅದನ್ನು ಓಡಿಸಬಾರದು ಅಂತ, ಓದುವ ಫೈಲು ಓದಿಸಿಕೊಂಡು ಸುಮ್ಮನಿರಬೇಕು, ಬೇರೆ ಪ್ರೋಗ್ರಾಮನ್ನು ಎಬ್ಬಿಸಬಾರದು, ಹೊರಗಿನವರ ಜೊತೆ ಮಾತಾಡಬಾರದು — ಅದಕ್ಕೇ ಬೆನ್ನ ಹಿಂದೆ ಇವಳಿಗೆ ಬೀಗದಮ್ಮ ಅನ್ನುತ್ತಾರೆ, ಇವಳಿಗೂ ಗೊತ್ತು, ಈ ರಕ್ತನಿಧಿಗೆ ಹಿರಿಯರಾದ ದೊಡ್ಡ ಡಾಕ್ಟರಂತೂ ಎದುರಿಗೇ, ಏನ್ರೀ ನೀವು, ನನ್ನ ಫೈಲು ನಾನು ತೆರೆಯೋಕೂ ನಿಮ್ಮ ಕಾಲು ಹಿಡೀಬೇಕಾ, ಅಂದಿದ್ದರು. ಗುಂಡಿ ಕಾಣ್ತಿಲ್ಲ ಅತ್ತಿಗೆ, ನಾದಿನಿ ಹೇಳುತ್ತಿದ್ದಾಳೆ, ಎಲ್ಲ ಕಡೆ ಹುಡುಕಿದೆ, ಮುಚ್ಚಿ ತೆರೆದೆ, ಕಂಪ್ಯೂಟರೇ ಆರಿಸಿ ಹಚ್ಚಿದೆ, ನೀವು ತೆಗೆಸಿದೀರಲ್ಲ, ನನಗೊಬ್ಬಳಿಗೆ ಹಾಕ್ಕೊಡಿ, ಒಂದೇ ನಿಮಿಷ, ನೋಡಿಬಿಟ್ಟು ಮತ್ತೆ ತೆಗೆದುಬಿಡಿ. ಅವಳ ಕಣ್ಣು ಪರದೆಯಿಂದ ಏಳುತ್ತಿಲ್ಲ. ಅವರಿಗೂ ಫೋನ್ ಮಾಡಿದೆ, ಹೊರಟಿದಾರೆ. ಅವರಿಗೆ ಅಂದರೆ ಗಂಡನಿಗೆ. ಹಾಕಿಕೊಡಬಹುದು, ಇವಳ ಕೈಯಲ್ಲೇ ಇದೆ, ನಾಲ್ಕು ಬೆರಳು ಆಡಿಸಿದರೆ ಈ ಒಂದು ಯಂತ್ರಕ್ಕೆ ಗುಂಡಿ ಬರುತ್ತದೆ, ಆದರೆ ಫೋಟೋ ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ, ಫೋಟೋ ಅಂದರೆ ಕಾಣುವಂಥದ್ದು, ಗುಂಡಿ ಕೇಳುವ ಫೋಟೋ ಫೋಟೋ ಅಲ್ಲ, ಇದು ಗೊತ್ತಿದ್ದೂ ಇವಳ ಮನಸ್ಸು ಬೇರೆ ಏನೋ ಲೆಕ್ಕ ಹಾಕುತ್ತಿದೆ, ಸಂಸ್ಥೆಯ ಕಂಪ್ಯೂಟರ್ ಹುಡುಗ ಯಾರೋ ಪೆದ್ದ ಇದ್ದಾನು, ಅವನೇ ಹೀಗೆ ಸುತ್ತಿ ಬಳಸಿ ಮಾಡಿದ್ದಾನು, ಮಗುವಿನ ಮುಖ ಕಂಡವರಿಗೆಲ್ಲ ಕಾಣಬಾರದು ಅಂತ ನಿಜವಾಗಿಯೂ ಮುಚ್ಚಿದ್ದಾರು, ಯಾಕಾಗಬಾರದು — ಇರು, ಹಿಂದಿನ ಕೋಣೆಯ ಕಂಪ್ಯೂಟರಲ್ಲಿ ನೋಡಿ ಬರ್ತೀನಿ, ಅಂದಳು, ನೀನು ಇದನ್ನ ಮುಟ್ಟಬೇಡ. ನಾದಿನಿ ತಲೆಯಾಡಿಸಿ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡಳು, ಶಾಲೆಯಲ್ಲಿ ಕೂರಿಸಿದ ಹಾಗೆ.

ಹಿಂದಿನ ಕೋಣೆಯಲ್ಲಿ ಖಾಲಿ ರಟ್ಟಿನ ಡಬ್ಬಗಳ ನಡುವೆ ಹಳೆಯ ಕಂಪ್ಯೂಟರೊಂದಿದೆ, ನೆಟ್‌ವರ್ಕಿನ ಯಾವ ತಂತಿಗೂ ಸೇರಿಸಿಲ್ಲ, ಏನಾದರೂ ಆದರೆ ಅದೊಂದೇ ಕೆಡಲಿ ಅಂತ ಇವಳೇ ದೂರ ಕೂರಿಸಿದ್ದು, ಅದರಲ್ಲಿ ಗುಂಡಿಯೂ ಇದೆ. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ತಂದ ಫೈಲು ತೆರೆದಳು, ಮತ್ತೆ ಅದೇ ಹಳದಿ, ಅದೇ ಕಪ್ಪು, ಇಲ್ಲಿಯ ಪರದೆ ಸಣ್ಣದಾದ್ದರಿಂದಲೋ ಏನೋ ಮಗು ಇನ್ನೂ ಪುಟ್ಟದಾಗಿ ಕಾಣುತ್ತಿದೆ, ಫ್ರಾಕು ಇರಬಹುದು, ಹೆಣ್ಣು ಮಗು, ಅವನು ಜಡೆ ಹಾಕುತ್ತಾನೆ — ಗುಂಡಿ ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಯ ಮೇಲೆ ಕಪ್ಪು ಕಿಟಕಿಯೊಂದು ತೆರೆದು ಮುಚ್ಚಿಕೊಂಡಿತು, ಕಾಣಬಾರದು ಅಂತ ಓಡಿಹೋಗುವವನ ಬೆನ್ನಿನ ಹಾಗೆ, ಆಮೇಲೆ ಕಂಪ್ಯೂಟರು ಎಲ್ಲಿಯೋ ಇರುವ ಇನ್ನೊಂದು ಕಂಪ್ಯೂಟರನ್ನು ಕರೆಯತೊಡಗಿತು, ತಂತಿ ಇಲ್ಲ, ಉತ್ತರ ಇಲ್ಲ, ಮತ್ತೆ ಕರೆಯಿತು, ಮತ್ತೆ. ಇವಳಿಗೆ ಎಲ್ಲ ಗೊತ್ತಾಗಿಹೋಯಿತು. ಉತ್ತರ ಬಂದಿದ್ದರೆ ಅಲ್ಲಿಂದ ಇನ್ನೊಂದು ಪ್ರೋಗ್ರಾಮು ಇಳಿಯುತ್ತಿತ್ತು, ಕೌಂಟರಿನಿಂದ ಲ್ಯಾಬಿಗೆ, ಲ್ಯಾಬಿನಿಂದ ಫ್ರಿಜ್ಜಿನ ಕೋಣೆಗೆ ತೆವಳುತ್ತಿತ್ತು, ಯಾವ ಚೀಲದ ರಕ್ತ ಯಾವ ಗುಂಪಿನದು, ಯಾವುದು ಪರೀಕ್ಷೆಯಾಗಿದೆ, ಯಾವುದು ಆಗಿಲ್ಲ, ಎಲ್ಲಕ್ಕೂ ದುಡ್ಡು ಕೊಡುವ ತನಕ ತೆಗೆಯದ ಬೇರೆಯವರ ಬೀಗ ಬೀಳುತ್ತಿತ್ತು, ಆಸ್ಪತ್ರೆಯಿಂದ ಹೆರಿಗೆಯ ಹೆಂಗಸಿಗೆ ಬೇಕು ಅಂತ ಫೋನು ಬಂದರೆ ಫ್ರಿಜ್ಜಿನ ತುಂಬ ರಕ್ತ ಇಟ್ಟುಕೊಂಡು ಇಲ್ಲ ಅನ್ನಬೇಕಾಗುತ್ತಿತ್ತು. ಇಷ್ಟೆಲ್ಲ ಗೊತ್ತಾದ ಮೇಲೂ ಇವಳು ಏಳಲಿಲ್ಲ. ಮಬ್ಬು ತಿಳಿಯಾಗುತ್ತದೇನೋ ಅಂತ ನೋಡುತ್ತಾ ಕೂತಿದ್ದಳು. ಕಂಪ್ಯೂಟರು ಕರೆಯುತ್ತಲೇ ಇತ್ತು, ಹಳದಿ ಹಳದಿಯಾಗಿಯೇ ಇತ್ತು, ಯಾರೋ ಮಬ್ಬಾಗಿಯೇ ಅಂಟಿಸಿದ ಚಿತ್ರ, ಅದರ ಹಿಂದೆ ಇನ್ನೊಂದು ಇರಲಿಲ್ಲ.

ವಾಪಸು ಬಂದಾಗ ನಾದಿನಿ ರಕ್ತ ಕೊಡಲು ಬಂದ ಒಬ್ಬ ದಪ್ಪ ಮನುಷ್ಯನಿಗೆ ಬೆಳಿಗ್ಗೆ ತಿಂಡಿ ತಿಂದಿದೀರಾ, ರಾತ್ರಿ ನಿದ್ದೆ ಆಗಿದೆಯಾ ಅಂತ ಕೇಳುತ್ತಿದ್ದಳು, ಅಷ್ಟು ಹಿತವಾಗಿ ಕೇಳುತ್ತಿದ್ದಳು ಅಂದರೆ ಆ ಮನುಷ್ಯ ಕನಸಿನ ಕತೆಯನ್ನೂ ಹೇಳಲು ಶುರುಮಾಡಿದ್ದ, ಅವಳ ಗಂಡನೂ ಬಂದಾಗಿತ್ತು, ಹೆಲ್ಮೆಟ್ಟು ಕಂಕುಳಲ್ಲಿ, ಮೊಣಕೈ ತನಕ ಸೋಪು ಹಾಕಿ ತಿಕ್ಕಿ ತೊಳೆದ ಕೈ, ಉಗುರಿನ ಸಂದಿಯ ಗ್ರೀಸು ಮಾತ್ರ ಹಾಗೇ ಇದೆ, ಫೋಟೋ ನೋಡಲು ಕೈ ತೊಳೆದು ಬಂದಿದ್ದಾನೆ, ಪರದೆಯ ಮೇಲಿನ ಫೋಟೋಗೆ. ಇಬ್ಬರನ್ನೂ ಟೀ ಕಾಯಿಸುವ ಮೂಲೆಗೆ ಕರೆದುಕೊಂಡು ಹೋದಳು, ಹೇಗೆ ಶುರುಮಾಡಲಿ, ಬೇರೆಯವರಿಗಾಗಿದ್ದರೆ ನಯವಾಗಿ ಹೇಳಬಹುದಿತ್ತು, ನಯವಾಗಿ ಹೇಳಿದರೆ ಇವರಿಗೆ ಆಸೆ ಉಳಿದುಬಿಡುತ್ತದೆ. ಅದರಲ್ಲಿ ಫೋಟೋ ಇಲ್ಲ, ಅಂದಳು. ಮಬ್ಬಾಗಿ ಕಾಣತ್ತಲ್ಲ ಅತ್ತಿಗೆ. ಆ ಮಬ್ಬೇ ಇರೋದು, ಅದರ ಹಿಂದೆ ಏನೂ ಇಲ್ಲ, ಸಂಸ್ಥೆಯವರು ಕಳಿಸಿದ್ದೇ ಅಲ್ಲ, ಯಾರೋ ಅವರ ಹೆಸರಲ್ಲಿ ಕಳಿಸಿದಾರೆ, ನಮ್ಮ ಕಂಪ್ಯೂಟರ್ ಒಳಗೆ ನುಗ್ಗೋಕೆ. ನನಗೇ ಯಾಕೆ ಕಳಿಸ್ತಾರೆ, ಅಂದಳು ನಾದಿನಿ, ಅಂದವಳೇ ತನ್ನ ಪ್ರಶ್ನೆಗೆ ತಾನೇ ಉತ್ತರ ಕಂಡುಕೊಂಡಳು, ಮಗುವಿಗಾಗಿ ಕಾಯುವವರೆಲ್ಲ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುವ ಪುಟವೊಂದು ಇದೆಯಂತೆ, ಅಲ್ಲಿ ತಾನು ಎಲ್ಲಿ ಕೆಲಸ ಮಾಡುತ್ತೇನೆ, ಯಾವ ಸಂಸ್ಥೆಯಲ್ಲಿ ಬರೆಸಿದ್ದೇನೆ, ಎಲ್ಲ ಹೇಳಿಕೊಂಡಿದ್ದಳಂತೆ, ರೇಡಿಯೋ ಅಲ್ಲವೇ. ನೀವು ಸರಿಯಾಗಿ ತೆರೀಲಿಲ್ಲವೇನೋ, ಅಂದಳು ಆಮೇಲೆ, ನಿಮಗೆ ಎಲ್ಲದರಲ್ಲೂ ಕಳ್ಳರೇ ಕಾಣೋದು, ಬೀಗ ಹಾಕಿ ಹಾಕಿ — ಗಂಡ ಅವಳ ಭುಜ ಮುಟ್ಟಿದ. ಅಕ್ಕಾ, ಇವಳು ಗುಂಡಿ ಒತ್ತಿದ್ರೆ ಏನಾಗ್ತಿತ್ತು, ಅಂತ ಕೇಳಿದ, ಎಂಜಿನ್ನಿನ ಬಗ್ಗೆ ಕೇಳುವ ದನಿಯಲ್ಲಿ, ಇವಳು ಹೇಳಿದಳು, ಚೀಲಗಳ ವಿಷಯ, ಆಸ್ಪತ್ರೆಯ ಫೋನಿನ ವಿಷಯ, ಹೇಳುತ್ತಾ ಹೇಳುತ್ತಾ ನಾದಿನಿಯ ಮುಖ ಬಣ್ಣ ಕಳೆದುಕೊಂಡದ್ದು ಕಂಡಿತು, ಸೂಜಿ ನೋಡಿದವರ ಹಾಗೆ. ಇದ್ದಿದ್ರೆ ಒತ್ತೇಬಿಡ್ತಿದ್ದೆ ಅತ್ತಿಗೆ, ಅಂದಳು ಮೆಲ್ಲಗೆ, ಎಷ್ಟು ಹುಡುಕಿದೆ ಗೊತ್ತಾ, ನನ್ನ ಕೈಯಾರೆ ಎಲ್ಲ ಹಾಳಾಗ್ತಿತ್ತು. ನಾನೂ ಒತ್ತಿದೆ ಕಣೇ, ಅಂದಳು ಇವಳು. ಅಲ್ಲಿ, ಆ ಕೋಣೇಲಿ. ಮೋಸ ಅಂತ ಗೊತ್ತಾದ ಮೇಲೂ ಸರಿಹೋಗುತ್ತೇನೋ ಅಂತ ನೋಡ್ತಾ ಕೂತಿದ್ದೆ. ಆಗ ನಾದಿನಿ ಇವಳ ಸೆರಗಿಗೆ ಮುಖ ಒತ್ತಿಕೊಂಡು ಅತ್ತಳು, ಗಂಡ ತನ್ನ ತೊಳೆದ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಹೆಲ್ಮೆಟ್ಟಿನೊಳಗೆ ಇಟ್ಟುಕೊಂಡು ನಿಂತ, ಟೀ ಉಕ್ಕಿ ಒಲೆಯ ಮೇಲೆ ಚೆಲ್ಲಿತು, ಯಾರೂ ಆರಿಸಲಿಲ್ಲ.

ಆಮೇಲಿನದೆಲ್ಲ ಕೆಲಸ, ಕೆಲಸ ಅಂದರೆ ಒಳ್ಳೆಯದು, ಕೈಗೆ ಏನೋ ಸಿಗುತ್ತದೆ, ಸಂಸ್ಥೆಗೆ ಫೋನು ಮಾಡಿದರೆ ಅಲ್ಲಿಯ ಹೆಂಗಸು ಅಯ್ಯೋ ಇನ್ನೊಬ್ಬರೂ ಬೆಳಿಗ್ಗೆ ಕೇಳಿದರು ಅಂದಳು, ಕಾಯುತ್ತಿರುವ ಎಲ್ಲರಿಗೂ ಈಗಲೇ ತಿಳಿಸುತ್ತೇನೆ ಅಂದಳು, ಮತ್ತೆ ದನಿ ತಗ್ಗಿಸಿ, ನಿಮ್ಮ ನಾದಿನಿಯವರ ಸರದಿ ಇದ್ದ ಕಡೆಯೇ ಇದೆ, ಹಿಂದೆಯೂ ಹೋಗಿಲ್ಲ ಮುಂದೆಯೂ ಬಂದಿಲ್ಲ ಅಂತ ಹೇಳಿ, ಅಂದಳು. ದೊಡ್ಡ ಡಾಕ್ಟರು ಕರೆಸಿದರು. ಕೂತ್ಕೊಳ್ಳಿ, ಅಂದರು, ಬೀಗ ಉಳಿಸ್ತು ಅನ್ನಿ, ಅಂದರು, ಆಮೇಲೆ, ಯಾರು ಅದನ್ನ ತೆರೆದದ್ದು. ಹೆಸರು ಹೇಳಲು ಇವಳಿಗೆ ಮನಸ್ಸಾಗಲಿಲ್ಲ, ನಾದಿನಿ ಅಂತಲ್ಲ, ಯಾರಾಗಿದ್ದರೂ ಆಗುತ್ತಿರಲಿಲ್ಲ, ಆಗಬಾರದು, ಎಂದು ಈಗ ಅನ್ನಿಸುತ್ತಿದೆ. ಬಂದ ಪತ್ರ ತೆರೆಯೋದು ಕೌಂಟರಿನವರ ಕೆಲಸ ಸರ್, ಅಂದಳು, ಅವರು ತೆರೀಲೇಬೇಕು, ತೆರೆದರೂ ಏನೂ ಆಗದ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ. ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು, ಕೌಂಟರಿನಲ್ಲಿ ಕೂರುವವರು ಯಾರು ಅಂತ ಅವರಿಗೆ ಗೊತ್ತಿಲ್ಲದ್ದೇನಲ್ಲ, ಸರಿ ಹೋಗಿ, ಅಂದರು, ಬಾಗಿಲ ತನಕ ಹೋದ ಮೇಲೆ, ನಾಳೆ ಆ ಹುಡುಗಿಗೆ ರಜೆ ಬೇಕಿದ್ರೆ ತಗೊಳ್ಳೋಕೆ ಹೇಳಿ, ಅಂದರು.

ನಾದಿನಿ ರಜೆ ಬೇಡ ಅಂದಳು. ಮನೆಯಲ್ಲಿ ಏನು ಮಾಡಲಿ, ಮೇಜು ನೋಡ್ತಾ ಕೂರಲಾ. ಗಂಡನ ಸ್ಕೂಟರು ಏರುವ ಮುಂಚೆ ಮೆಟ್ಟಿಲ ಬಳಿ ನಿಂತು, ಬಯ್ದೆ, ಬೇಜಾರು ಮಾಡ್ಕೋಬೇಡಿ, ಅಂದಳು, ಬಿಡೇ, ಅಂದಳು ಇವಳು, ಹೋದಳು ಅಂದುಕೊಂಡರೆ ಮತ್ತೆ ತಿರುಗಿ ಬಂದಳು. ಯಾವುದೋ ಒಂದು ಮಗು ಅಂತೂ ಇರಬೇಕಲ್ವಾ ಅತ್ತಿಗೆ. ಅವರು ಮಬ್ಬು ಮಾಡೋಕೆ ಮೊದಲು ಒಂದು ಫೋಟೋ ಬೇಕಲ್ಲ. ಇವಳು ಹೌದು ಅಂತ ತಲೆಯಾಡಿಸಿದಳಾ, ನೆನಪಿಲ್ಲ. ಈಗ ಹಿಂದಿನ ಕೋಣೆಯಲ್ಲಿ ಆ ಹಳೆಯ ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿಸಬೇಕು, ಕೌಂಟರಿನಲ್ಲಿದ್ದ ಫೈಲನ್ನು ಆಗಲೇ ಅಳಿಸಿಯಾಗಿದೆ, ಇಂಥ ಕಳ್ಳ ಫೈಲುಗಳನ್ನೇ ಬಿಚ್ಚಿ ನೋಡುವವರಿಗೆ ಒಂದು ಪ್ರತಿ ಕಳಿಸಿಯೂ ಆಗಿದೆ, ಇದೊಂದು ಉಳಿದಿದೆ, ಅಳಿಸಲೇ ಅಂತ ಚಿತ್ರದ ಪಕ್ಕದಲ್ಲೇ ಕಂಪ್ಯೂಟರು ಕೇಳುತ್ತಿದೆ, ಹೂಂ ಅನ್ನಬೇಕು, ಬಸ್ಸಿಗೆ ಹೊತ್ತಾಗುತ್ತದೆ, ಮನೆಗೆ ಹೋದರೆ ಅತ್ತೆ ಕೇಳುತ್ತಾರೆ, ಮಗಳು ಅವರಿಗೂ ಫೋನು ಮಾಡಿರುತ್ತಾಳೆ, ಅವರಿಗೆ ಹೇಗೆ ಹೇಳುವುದು, ಹೇಳಬಹುದು, ಹೇಳುತ್ತೇನೆ — ಎಲ್ಲಿಯೋ ಒಬ್ಬರು ನಿಂತು, ಆ ಮಗುವಿಗೆ, ಇತ್ತ ನೋಡು, ನಗು, ಅಂದಿರಬೇಕು, ಬಿಸಿಲಿತ್ತೋ ಏನೋ, ಹಳದಿ ಅಷ್ಟು ಗಾಢವಾಗಿದೆ, ತೆಗೆದವರು ತಾಯಿಯಿರಬಹುದು, ಚಿತ್ರ ಕದ್ದದ್ದು ಅವರಿಗೆ ಗೊತ್ತೇ ಇಲ್ಲ, ಅವರ ಹತ್ತಿರ ಮುಖ ಇದೆ, ಕಣ್ಣು ಮೂಗು ಎಲ್ಲ ಇದೆ, ಇಲ್ಲಿ ಬರೀ ಹಳದಿ, ಮೇಲೆ ಒಂದು ಹಿಡಿ ಕಪ್ಪು, ಪಕ್ಕಕ್ಕೆ ಚಾಚಿದ್ದು ಕೈಯೇ, ಈಗ ಅನುಮಾನವಿಲ್ಲ, ಕೈಯೇ, ಯಾರದೋ ಕೈ ಹಿಡಿದುಕೊಂಡಿದೆ, ಆ ಯಾರೋ ಚಿತ್ರದ ಅಂಚಿನಿಂದ ಹೊರಗಿದ್ದಾರೆ, ಬರೀ ಬೆರಳುಗಳು, ಹಳದಿ, ಕಪ್ಪು, ಬೆರಳುಗಳು —