ಸುಹ್ರಾತ್ತನ ಕೇಕಿನ 471

ನಾನು ಮುಸ್ಲಿಮಳಲ್ಲ, ಧರ್ಮಶಾಸ್ತ್ರ ಕಲಿತವಳೂ ಅಲ್ಲ. ಸಂಜೆ ಕಾಲೇಜಿನಲ್ಲಿ ಕಾನೂನು ಓದಿ ಪಾಲಾರಿವಟ್ಟಂನ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸಕ್ಕಿರುವವಳು. ಹಲಾಲಿನ ವಿಚಾರ ಬರೆಯುವುದು ಅಧಿಕಪ್ರಸಂಗವಾದರೆ ತಿಳಿದವರು ಮನ್ನಿಸಬೇಕು.

ಕಲೂರಿನಲ್ಲಿ ನಮ್ಮ ಪಕ್ಕದ ಮನೆಯ ಸುಹ್ರಾ ನನ್ನಂತೆ ಕಾಸರಗೋಡಿನವರೇ, ಕನ್ನಡ ಶಾಲೆಯಲ್ಲಿ ಓದಿದವರು. ಅಕ್ಕ ಎನ್ನುವ ಬದಲು ನಾನು ಅವರನ್ನು ಇತ್ತಾ, ಸುಹ್ರಾತ್ತ ಎನ್ನುತ್ತೇನೆ. ಮನೆಯಲ್ಲೇ ಕೇಕ್ ಮಾಡಿ ಮಾರುತ್ತಿದ್ದರು. 2007ರಲ್ಲಿ ಅವರ ಮಗಳಿಗೆ ತಿರುವನಂತಪುರದ ಪಟ್ಟಂನಿಂದ ಸಂಬಂಧ ಕೂಡಿಬಂತು. ನಿಶ್ಚಯಕ್ಕೆ ಕೇಕ್ ಒಯ್ಯುವುದೆಂದಾಗಿತ್ತು. ಹಿಂದಿನ ದಿನ ವರನ ತಾಯಿ ಫೋನ್ ಮಾಡಿದರು. ಕೇಕ್ ಮೆತ್ತಗಾಗಲು ಹಾಕುವ ಜೆಲ್‌ನಲ್ಲಿ 471 ಎಂಬ ಸಂಖ್ಯೆಯ ಪದಾರ್ಥ ಇರುತ್ತದಂತೆ, ಅದು ಹಂದಿಯ ಕೊಬ್ಬಿನಿಂದಲೂ ಬರಬಹುದಂತೆ, ನಿಮ್ಮದು ಹಲಾಲೇ?

ಸುಹ್ರಾತ್ತ ಜೆಲ್‌ನ ಡಬ್ಬ ಹಿಡಿದು ನನ್ನಲ್ಲಿಗೆ ಬಂದರು.

"ಇಷ್ಟು ವರ್ಷ ಜನರಿಗೆ ಎಂತ ತಿನ್ನಿಸಿದೆನೋ, ಪಂಕಜಾ. ನಾಳೆ ಅವರ ಮುಖ ನೋಡಿ ಹೌದು ಅಂತ ಹೇಳ್ಲಿಕ್ಕೆ ಆಗ್ಬೇಕು ನನಗೆ."

ಡಬ್ಬ ತಿರುಗಿಸಿದೆ. ಹಸಿರು ಚುಕ್ಕೆಯಿತ್ತು.

"471 ಸಸ್ಯದ ಎಣ್ಣೆಯಿಂದಲೂ ಮಾಡ್ತಾರೆ, ಕೊಬ್ಬಿನಿಂದಲೂ ಮಾಡ್ತಾರೆ. ಕೊಬ್ಬಿನದ್ದಾದ್ರೆ ಕಾನೂನು ಪ್ರಕಾರ ಕಂದು ಚುಕ್ಕೆ ಹಾಕ್ಬೇಕು. ಇದು ಹಸಿರು. ಧೈರ್ಯವಾಗಿ ಹೇಳಿ ಇತ್ತಾ."

ಅವರ ಮಸೀದಿಯಲ್ಲಿ ಶುಕ್ರವಾರ ಪ್ರವಚನ ಮಾಡುವ ಖತೀಬರೂ ಫೋನಿನಲ್ಲಿ, ಎಣ್ಣೆಯದ್ದಾದರೆ ಸಂಶಯ ಬೇಡ ಎಂದರು. ಸುಹ್ರಾತ್ತ ಕೇಕ್ ಮಾಡಲು ಹೋದರು.

ನನ್ನ ಮಾತು ಸರಿಯೇ ಇತ್ತು. ಆದರೂ ಹೇಳಿದ್ದನ್ನು ಮತ್ತೆ ಕೆದಕುವುದು ನನ್ನ ಸ್ವಭಾವ. ಸಂಜೆ ಅವರ ಅಡುಗೆಮನೆಗೆ ಹೋಗಿ ಉಳಿದ ಲೇಬಲ್‌ಗಳನ್ನೂ ಓದಿದೆ. ವೆನಿಲ್ಲಾ ಎಸೆನ್ಸಿನ ಬಾಟಲಿಗೂ ಹಸಿರು ಚುಕ್ಕೆ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಆಲ್ಕೋಹಾಲ್. ನಮ್ಮಂಥ ಸಸ್ಯಾಹಾರಿಗಳ ಮನೆಗಳಲ್ಲಿ ಹಸಿರು ಚುಕ್ಕೆ ಕಂಡರೆ ಮುಂದೆ ಓದುವವರಿಲ್ಲ, ಮಾಂಸವಿಲ್ಲವೆಂದರೆ ಮುಗಿಯಿತು. ಮದ್ಯ ಆ ಚುಕ್ಕೆಯ ಗಣನೆಗೇ ಬರುವುದಿಲ್ಲ.

ಅದೇ ಎಸೆನ್ಸ್ ಹಾಕಿದ ಕೇಕ್ ಆಗಲೇ ಆರುತ್ತಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಾಳೆ ಹೌದು ಎನ್ನಬೇಕಾದವರು ಅವರು. ಬಾಟಲಿ ತೋರಿಸಿದೆ.

ಸುಹ್ರಾತ್ತ ಮತ್ತೆ ಖತೀಬರನ್ನು ಕೇಳಿದರು. ಅಷ್ಟು ಕಡಿಮೆಯಾದರೆ, ಅದೂ ಬೆಂಕಿಯಲ್ಲಿ ಹಾರಿಹೋದರೆ ಅಡ್ಡಿಯಿಲ್ಲ ಎನ್ನುವ ವಿದ್ವಾಂಸರಿದ್ದಾರೆ, ಕೂಡದು ಎನ್ನುವವರೂ ಇದ್ದಾರೆ, ಬಿಡಲು ಆಗುವುದಾದರೆ ಬಿಡಿ ಎಂದರಂತೆ.

"ಈ ಕೇಕ್ ನೀನೇ ತಿನ್ನು ಮಾರಾಯ್ತಿ, ನಿನಗೆ ಚುಕ್ಕೆ ಸಾಕಲ್ಲ."

"ಮೊಟ್ಟೆ ಉಂಟಲ್ಲ ಇತ್ತಾ."

"ಹಾಗಾದ್ರೆ ನಮಗಿಬ್ಬರಿಗೂ ಇಲ್ಲ," ಎಂದು ನಕ್ಕು, ಅವರು ಹೊಸ ಕೇಕಿಗೆ ಬೇರೆ ಮೊಟ್ಟೆ ತೆಗೆದರು. "ಏಲಕ್ಕಿ ಸುಲಿ."

ಮರುದಿನ ನಾನೂ ಅವರ ಜೊತೆ ಹೋದೆ. ಪಟ್ಟಂನಲ್ಲಿ, ಕೇಕ್ ಕತ್ತರಿಸುವ ಮೊದಲೇ ವರನ ತಾಯಿ ಎಲ್ಲರೆದುರು ಅದೇ ಪ್ರಶ್ನೆ ಕೇಳಿದರು. ಸುಹ್ರಾತ್ತ ತಡವರಿಸಲಿಲ್ಲ. ಜೆಲ್ ಎಣ್ಣೆಯದ್ದು, ಎಸೆನ್ಸ್ ಹಾಕಿಲ್ಲ, ಪರಿಮಳ ಏಲಕ್ಕಿಯದ್ದು, ಹಲಾಲ್ ಎಂದು ಮಲಯಾಳದಲ್ಲಿ ಸ್ಪಷ್ಟವಾಗಿ ಹೇಳಿದರು. ಎಸೆನ್ಸಿನ ಮಾತು ಆ ತಾಯಿಗೂ ಹೊಸದು. "ಅದು ನನಗೆ ಹೊಳೆದೇ ಇರಲಿಲ್ಲ," ಎಂದು ಮೊದಲ ತುಂಡನ್ನು ತಾವೇ ಬಾಯಿಗಿಟ್ಟುಕೊಂಡರು.

ಹಿಂದಿರುಗುವ ರೈಲಿನಲ್ಲಿ ಸುಹ್ರಾತ್ತ ಕೇಳಿದರು, "ಎಸೆನ್ಸ್ ಹಾಕಿ ಇಷ್ಟು ವರ್ಷ ಮಾಡಿದ್ದು ಸರಿಯಾ, ತಪ್ಪಾ?"

ತಿಳಿದವರಲ್ಲೇ ಎರಡು ಮಾತಿದೆ ಎಂದೆ. ಯಾವುದು ಸರಿಯೆಂದು ಆಗಲೂ ನನಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.