ಹತ್ತನೆಯ ಅಂಕ

ಆ ಮನೆಯಲ್ಲಿ ಭಾವ ಸೋತದ್ದನ್ನು ಕಂಡವರು ಈಚೆಗೆ ಯಾರೂ ಇರಲಿಲ್ಲ. ಚದುರಂಗವಿರಲಿ, ಇಸ್ಪೀಟಿರಲಿ, ಫ್ಯಾನು ಎಷ್ಟು ಜೋರಾಗಿ ತಿರುಗಬೇಕು ಎಂಬ ವಾದವೇ ಇರಲಿ, ಕೊನೆಗೆ ಗೆಲ್ಲುವವರು ಅವರೇ. ಹಾಗಂತ ಅವರನ್ನು ಮಹಾ ಬುದ್ಧಿವಂತರು ಎಂದುಕೊಳ್ಳಬೇಡಿ. ಮದುವೆಯಾದ ಹೊಸದರಲ್ಲಿ ಅಕ್ಕ ಒಮ್ಮೆ ಚದುರಂಗದಲ್ಲಿ ಅವರ ರಾಜನನ್ನು ಕಟ್ಟಿಹಾಕಿದ್ದಳು. ಅಷ್ಟಕ್ಕೇ ಆ ಮನುಷ್ಯ ಮುಖ ಊದಿಸಿಕೊಂಡು ವಾರವಿಡೀ ಯಾರೊಂದಿಗೂ ಮಾತಾಡಲಿಲ್ಲ. ಅಂದಿನಿಂದ ಅಕ್ಕ ಸೋಲುವುದನ್ನು ಕಲಿತಳು. ಆಮೇಲೆ ಮಕ್ಕಳು ಕಲಿತರು. ಮಹಡಿಯ ಮೇಲಿನ ಕೋಣೆಯಲ್ಲಿದ್ದ ಅಕ್ಕನ ತಂಗಿ ಪುಟ್ಟಿಯೂ ಕಲಿತಳು. ನಲವತ್ತು ದಾಟಿದ್ದರೂ ಮನೆಯವರಿಗೆ ಅವಳಿನ್ನೂ ಪುಟ್ಟಿಯೇ.

ಭಾವ ಹಲ್ಲಿನ ಡಾಕ್ಟರು. ದಿನವಿಡೀ ಬಾಯಿ ತೆರೆದು ಮಲಗಿದವರ ಜೊತೆಯೇ ಮಾತಾಡಿ, ಎದುರುಮಾತು ಎಂದರೇನೆಂಬುದೇ ಅವರಿಗೆ ಮರೆತುಹೋಗಿತ್ತು. ಹೊಟ್ಟೆ ಕರಗಿಸಬೇಕೆಂದು ಫೆನ್ಸಿಂಗ್ ಎಂಬ, ಮೊಂಡು ತುದಿಯ ಕತ್ತಿವರಸೆಯ ಕ್ಲಬ್ಬಿಗೆ ಸೇರಿದರು. ಅಲ್ಲೂ ಅದೇ ಕಥೆ. ಕ್ಲಬ್ಬಿನ ಮುಕ್ಕಾಲು ಪಾಲು ಜನ ಅವರ ಪೇಷೆಂಟುಗಳು. ಇವತ್ತು ಅವರ ಎದೆಗೆ ಕತ್ತಿ ಚುಚ್ಚಿ, ನಾಳೆ ಅವರದೇ ಕುರ್ಚಿಯಲ್ಲಿ ಬಾಯಿ ತೆರೆಯುವ ಧೈರ್ಯ ಯಾರಿಗಿದೆ ಹೇಳಿ? ವರ್ಷ ವರ್ಷವೂ ಪಂದ್ಯಾವಳಿಯ ಕಪ್ಪು ಭಾವನ ಶೋಕೇಸಿಗೇ ಬರುತ್ತಿತ್ತು.

ಪುಟ್ಟಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಭಾವನ ಕಾರು ಗ್ಯಾರೇಜಿನಲ್ಲಿದ್ದಾಗ ಅವರನ್ನು ಸ್ಕೂಟರಿನಲ್ಲಿ ಕ್ಲಬ್ಬಿಗೆ ಬಿಡಲು ಹೋದಳು, ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು, ಮರುವಾರ ತಾನೂ ಹೆಸರು ಕೊಟ್ಟುಬಂದಳು. ದಿನವೆಲ್ಲ ಕತ್ತು ಬಗ್ಗಿಸಿ ಮಾಡುವ ಕೆಲಸ ಅವಳದ್ದು. ಇಲ್ಲಿ ನೆಟ್ಟಗೆ ನಿಲ್ಲಬಹುದು, ಕಾಲು ಚಾಚಿ ಮುನ್ನುಗ್ಗಬಹುದು, ಎದುರಿಗಿದ್ದವರನ್ನು ಚುಚ್ಚಿದರೆ ಬೈಗುಳದ ಬದಲು ಅಂಕ ಸಿಗುತ್ತದೆ! ಅವಳಿಗೆ ಆ ಆಟದ ಹುಚ್ಚೇ ಹಿಡಿಯಿತು. ಈ ಸಲದ ಪಂದ್ಯಾವಳಿಯಲ್ಲಿ ಒಬ್ಬೊಬ್ಬರನ್ನೇ ಸೋಲಿಸುತ್ತ ಅವಳು ಫೈನಲ್ಲಿಗೆ ಬಂದಳು. ಆ ಕಡೆಯಿಂದ ಭಾವ ಬಂದರು. ಅವರು ಹೇಗೆ ಬಂದರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಅಕ್ಕ ತಂಗಿಯ ಬಿಳಿ ಕೋಟಿನ ಬೆನ್ನಿನ ಜಿಪ್ಪು ಎಳೆಯುತ್ತಿದ್ದಳು.

"ಲೇ, ನನ್ನ ಮಾತು ಕೇಳು. ಎಂಟು ಅಂಕ ತಗೋ, ಒಂಬತ್ತು ತಗೋ, ಯಾರು ಬೇಡ ಅಂದ್ರು? ಹತ್ತನೇದು ಬಿಟ್ಟುಕೊಟ್ಟುಬಿಡು."

"ಕೊಡಲ್ಲ."

"ನಿಂಗೇನಮ್ಮ, ಮೇಲೆ ಹೋಗಿ ಬಾಗಿಲು ಹಾಕ್ಕೋತೀಯ. ಆ ಮುಖ ನೋಡ್ಕೊಂಡು ಏಗಬೇಕಾದೋಳು ನಾನು."

"ಅಕ್ಕ, ನಂಗೆ ಕಪ್ಪಿನ ಆಸೆ ಇಲ್ಲ. ಗೆದ್ರೆ ನಿಜವಾಗ್ಲೂ ಗೆಲ್ಬೇಕು, ಸೋತ್ರೆ ನಿಜವಾಗ್ಲೂ ಸೋಲ್ಬೇಕು. ಈ ನಾಟಕದ ಸೋಲು ಸೋತೂ ಸೋತೂ ನನ್ನ ಮೇಲೆ ನಂಗೇ ಹೇಸಿಗೆ ಬಂದುಬಿಟ್ಟಿದೆ."

ಅಕ್ಕ ಜಿಪ್ಪನ್ನು ಕತ್ತಿನವರೆಗೆ ಸರ್ರನೆ ಎಳೆದಳು.

ಪಂದ್ಯ ನಡೆಯುತ್ತಿದ್ದದ್ದು ಒಂದು ಶಾಲೆಯ ಸಭಾಂಗಣದಲ್ಲಿ, ಮರದ ಹಲಗೆಯ ನೆಲದ ಮೇಲೆ. ಈ ಆಟದಲ್ಲಿ ಕತ್ತಿಯ ತುದಿ ಎದುರಾಳಿಯ ಮೈಯಲ್ಲಿ ಎಲ್ಲಿ ತಾಗಿದರೂ, ಕತ್ತಿಗೆ ವೈರಿನಿಂದ ಜೋಡಿಸಿದ ಪೆಟ್ಟಿಗೆಯ ಮೇಲೆ ದೀಪ ಹತ್ತುತ್ತದೆ, ಅಂಕ ಸಿಗುತ್ತದೆ. ಆದರೆ ಅಂಥ ನೆಲದ ಮೇಲೆ ಆಡಿದರೆ ಒಂದು ತೊಂದರೆ: ತುದಿ ನೆಲಕ್ಕೆ ಬಡಿದರೂ ಆ ಪೆದ್ದು ದೀಪ ಹತ್ತಿಬಿಡುತ್ತದೆ. ಅದಕ್ಕೇ ಅಂಕಣದ ಎರಡೂ ತುದಿಗೆ ಒಬ್ಬೊಬ್ಬರನ್ನು ನೆಲ ಕಾಯಲು ಕೂರಿಸುತ್ತಾರೆ. ಕೈಯೆತ್ತಿ "ನೆಲ" ಎಂದರೆ ಅಂಕ ರದ್ದು. ಅಂದು ಕೂರಬೇಕಾದವನೊಬ್ಬ ಬಂದಿರಲಿಲ್ಲ. ರೆಫರಿಯಾಗಿದ್ದ ಕೋಚ್ ಸುತ್ತ ಕಣ್ಣಾಡಿಸಿ, ಫ್ಲಾಸ್ಕು ಹಿಡಿದು ನಿಂತಿದ್ದ ಅಕ್ಕನನ್ನೇ ಪುಟ್ಟಿಯ ಕಡೆಯ ಕುರ್ಚಿಯಲ್ಲಿ ಕೂರಿಸಿದ. ಒಬ್ಬಳಿಗೆ ಅಕ್ಕ, ಇನ್ನೊಬ್ಬರಿಗೆ ಹೆಂಡತಿ. ಅಲ್ಲಿಗಲ್ಲಿಗೆ ಸರಿಹೋಯಿತು ಎಂದು ನಕ್ಕ.

ಭಾವ ಎಂದಿನಂತೆ ಮೆರವಣಿಗೆಗೆ ಹೊರಟವರ ಹಾಗೆ ಆರಾಮಾಗಿ ಮುಂದೆ ಬಂದರು. ಪುಟ್ಟಿ ಅವರ ಮುಂಗೈಗೆ ಒಂದು ಚುಚ್ಚಿದಳು. ಆಮೇಲೆ ಭುಜಕ್ಕೆ. ಆಮೇಲೆ ಹೊಟ್ಟೆಗೆ.

"ಏನಮ್ಮಾ, ಇವತ್ತು ಭಾರೀ ಜೋರು!" ಎಂದು ಭಾವ ನಕ್ಕರು.

ನಾಲ್ಕನೆಯದಕ್ಕೆ ನಗು ನಿಂತಿತು. ಮುಖ ಮುಚ್ಚಿದ ಬಲೆಯೊಳಗಿಂದ ಉಸಿರು ಬುಸುಗುಟ್ಟತೊಡಗಿತು. ನಿಜ ಹೇಳಬೇಕೆಂದರೆ, ಸಿಟ್ಟು ನೆತ್ತಿಗೇರಿದ ಮೇಲೆ ಭಾವ ಚೆನ್ನಾಗಿಯೇ ಆಡಿದರು. ಇಷ್ಟು ವರ್ಷ ಯಾರೂ ಅವರನ್ನು ಆಡಲು ಬಿಟ್ಟಿರಲಿಲ್ಲ, ಅಷ್ಟೆ. ಒಂದೊಂದಾಗಿ ಅಂಕ ಮರಳಿ ಪಡೆದರು. ಪುಟ್ಟಿಯೂ ಬಿಡಲಿಲ್ಲ. ಬೆವರು ಕಣ್ಣಿಗಿಳಿದರೂ, ತೊಡೆ ನಡುಗಿದರೂ ಹಲ್ಲು ಕಚ್ಚಿ ನಿಂತಳು. ಹತ್ತು ಮುಟ್ಟಿದವರು ಗೆದ್ದಂತೆ. ಇಬ್ಬರೂ ಒಂಬತ್ತಕ್ಕೆ ಬಂದು ನಿಂತರು.

ಪುಟ್ಟಿ ಎದೆಗೆ ಗುರಿಯಿಟ್ಟು ನುಗ್ಗಿದಳು. ಭಾವ ತಟಕ್ಕನೆ ಕುಸಿದು ಕತ್ತಿಯನ್ನು ಕೆಳಕ್ಕೆ ಚಾಚಿದರು. ಅವರ ದೀಪ ಹತ್ತಿತು.

"ನೆಲ!"

ಕೂಗಿದವಳು ಅಕ್ಕ. ಕುರ್ಚಿಯಿಂದ ಎದ್ದೇ ನಿಂತಿದ್ದಳು, ಕೈ ಮೇಲಿತ್ತು.

ಭಾವ ಮುಖದ ಬಲೆ ಕಿತ್ತರು. "ಏನೇ ಅದು? ಸರಿಯಾಗಿ ನೋಡಿದ್ಯಾ?"

"ನೋಡ್ದೆ ರೀ. ನೆಲಕ್ಕೆ ತಾಗಿದ್ದು." ಎತ್ತಿದ ಕೈ ಇಳಿಯಲಿಲ್ಲ.

ಅಂಕ ರದ್ದು ಎಂದ ಕೋಚ್. ಪುಟ್ಟಿಗೆ ಓಡಿಹೋಗಿ ಅಕ್ಕನನ್ನು ತಬ್ಬಿಕೊಳ್ಳಬೇಕೆನಿಸಿತು. ಗಂಡನಿಗೆದುರಾಗಿ ಒಂದು ಮಾತೂ ಆಡದವಳು ಊರೆಲ್ಲ ನೋಡುತ್ತಿರುವಾಗ ತನಗೋಸ್ಕರ ಕೈ ಎತ್ತಿದ್ದಳು! ಆದರೆ ಬಲಗಾಲಿನ ಹೆಬ್ಬೆರಳು ಶೂ ಒಳಗೆ ಚುರುಚುರು ಉರಿಯುತ್ತಿತ್ತು. ತಾಗಿದ್ದು ನೆಲಕ್ಕಲ್ಲ. ಸುಮ್ಮನಿದ್ದರೆ ಇದೂ ಬಿಟ್ಟುಕೊಟ್ಟ ಗೆಲುವೇ. ಭಾವನಿಗೆ ಕೊಡುತ್ತಿದ್ದದ್ದನ್ನು ಈಗ ತನಗೆ ಕೊಡುತ್ತಿದ್ದಾರೆ. ಬೇಡವೇ ಬೇಡ!

ಅವಳೂ ಬಲೆ ತೆಗೆದಳು. "ನೆಲಕ್ಕಲ್ಲ ಸಾರ್. ನಂಗೇ ತಾಗಿದ್ದು, ಹೆಬ್ಬೆರಳಿಗೆ."

"ಹಾಗಾದ್ರೆ ಹತ್ತನೇದು ಡಾಕ್ಟರಿಗೇ, ಆಟ ಮುಗೀತು," ಎಂದ ಕೋಚ್.

ಅಕ್ಕ ದಡದಡನೆ ಬಂದವಳೇ ತಂಗಿಯ ರಟ್ಟೆ ಹಿಡಿದಳು. "ಅಲ್ವೇ, ಹುಟ್ಟಿದಾಗಿನಿಂದ ಒಂದೇ ಒಂದು ಸಲ ಕೈ ಎತ್ತಿದೆ. ಅದನ್ನೂ ಎಲ್ಲರ ಮುಂದೆ ಇಳಿಸಿಬಿಟ್ಟೆಯಲ್ಲೇ!"

"ಸುಳ್ಳಿಗೆ ಯಾಕಕ್ಕ ಎತ್ತಬೇಕಿತ್ತು?" ಎಂದಳು ಪುಟ್ಟಿ. "ಹೇಳೋಕೆ ನಿನ್ನ ಹತ್ರ ನಿಜಾನೇ ಬೇಕಾದಷ್ಟು ಇದೆಯಲ್ಲ!"

ಭಾವ ಕತ್ತಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ದೊಡ್ಡ ಮನಸ್ಸು ಮಾಡಿದವರಂತೆ ಕೈಯಾಡಿಸಿದರು. "ಹೋಗ್ಲಿ ಬಿಡ್ರೇ. ಗೆಲ್ಲೋನು ಹೇಗಿದ್ರೂ ಗೆಲ್ತಾನೆ."

ಆ ಮಾತೊಂದನ್ನು ಆಡದಿದ್ದರೆ ಬಚಾವಾಗುತ್ತಿದ್ದರೇನೋ. ಅಕ್ಕ ತಂಗಿಯ ರಟ್ಟೆ ಬಿಟ್ಟು ಗಂಡನ ಕಡೆ ತಿರುಗಿದಳು.

"ರೀ, ಮದುವೆಯಾದಾಗಿನಿಂದ ಚದುರಂಗದಲ್ಲಿ ನೀವು ನನ್ನ ಒಂದು ಸಲಾನೂ ಗೆದ್ದಿಲ್ಲ. ನಾನು ಬೇಕು ಬೇಕು ಅಂತ ಸೋತೆ. ಮಕ್ಕಳಿಗೂ ಸೋಲೋದು ಹೇಳಿಕೊಟ್ಟೆ. ಇನ್ನು ನನ್ನ ಕೈಲಾಗಲ್ಲ."

ಭಾವ ನಗಲು ನೋಡಿದರು. ಜೊತೆಗೆ ಯಾರಾದರೂ ನಗುತ್ತಾರೇನೋ ಎಂದು ಸುತ್ತ ತಿರುಗಿದರು. ಅವರಿಗೆ ಸೋತಿದ್ದ ಬ್ಯಾಂಕಿನ ಕ್ಯಾಷಿಯರು ತನ್ನ ಕೈಗವಸು ಮಡಿಚುವುದರಲ್ಲಿ ಮುಳುಗಿದ್ದ. ಔಷಧಿ ಅಂಗಡಿಯವನು ಕೆಮ್ಮಿದ. ಕೋಚ್ ಕೂಡ ವೈರು ಸುತ್ತುತ್ತ ಬೆನ್ನು ತಿರುಗಿಸಿದ. ಆ ಬೆನ್ನನ್ನು ಭಾವ ಬಹಳ ಹೊತ್ತು ನೋಡಿದರು.

"ಇವರೆಲ್ಲರೂ ಹಾಗೇನಾ?" ಎಂದು ಕೇಳಿದರು.

ಭಾವ ಪುಟ್ಟಿಯ ಹತ್ತಿರ ಬಂದರು. ಅವರ ದನಿ ಇಷ್ಟು ಸಣ್ಣಗಾದದ್ದನ್ನು ಅವಳು ಕೇಳಿಯೇ ಇರಲಿಲ್ಲ.

"ಹೆಬ್ಬೆರಳಿಗೆ... ನಿಜವಾಗ್ಲೂ ತಾಗ್ತಾ?"

ಪುಟ್ಟಿಗೆ ಪಾಪ ಅನ್ನಿಸಿತು, ಸಿಟ್ಟೂ ಬಂತು. ಅಲ್ಲೇ ನೆಲದ ಮೇಲೆ ಕೂತಳು. ಶೂ ಬಿಚ್ಚಿದಳು, ಕಾಲುಚೀಲ ಕಿತ್ತೆಸೆದಳು. ಹೆಬ್ಬೆರಳು ಬದನೆಕಾಯಿಯ ಹಾಗೆ ಊದಿತ್ತು, ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟಿತ್ತು.

ಭಾವ ಮಂಡಿಯೂರಿ ಕೂತು ಅದನ್ನೇ ನೋಡಿದರು. ಮೆಲ್ಲಗೆ ಮುಟ್ಟಿದರು.

"ನೋಯುತ್ತಾ?"

"ಪ್ರಾಣ ಹೋಗ್ತಿದೆ," ಎಂದಳು ಪುಟ್ಟಿ, ಕಾಲು ಎಳೆದುಕೊಳ್ಳದೆ. "ಇದೊಂದು ನಿಮ್ಮದೇ ಭಾವ, ಯಾರೂ ಬಿಟ್ಟುಕೊಟ್ಟಿದ್ದಲ್ಲ. ಚೆನ್ನಾಗಿ ನೋಡ್ಕೊಂಡುಬಿಡಿ. ಮುಂದಿನ ವರ್ಷ ನಾನಂತೂ ಬಿಡಲ್ಲ."