ಮೋಟಾರ್ ಬಿಚ್ಚಿದ ಮೇಲೆ

ಟೈಲರಮ್ಮನ ಕಾಲು ಕೆಡಿಸಿದ್ದು ವಯಸ್ಸಲ್ಲ, ಮಗನ ಪ್ರೀತಿ. ಅಮ್ಮ ಇನ್ನೆಷ್ಟು ದಿನ ತುಳಿದಾಳು ಎಂದು ಮರುಗಿ ಅವನು ಹೊಲಿಗೆ ಯಂತ್ರಕ್ಕೆ ಮೋಟಾರ್ ಕೂರಿಸಿದ. ಅವಳೂ ಮಗನೆಂದರೆ ಹೀಗಿರಬೇಕು ಎಂದು ಬೀದಿಯೆಲ್ಲ ಹೇಳಿಕೊಂಡು ಬಂದಳು. ಬರಬರುತ್ತಾ ತುಳಿಯುವ ಕೆಲಸವಿಲ್ಲದೆ ಕಾಲು ಸೋತು, ಕುರ್ಚಿಯಿಂದ ಏಳಲು ಗೋಡೆ ಬೇಕಾಯಿತು, ಮೆಟ್ಟಿಲು ಕಂಡರೆ ಎದೆ ಢವಢವ ಎನ್ನತೊಡಗಿತು.

ಅದೂ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಅದೇ ಬೀದಿಯಲ್ಲಿದ್ದ ಅಕ್ಕನ ಮನೆ ಮೂರನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಮಂಡಿನೋವಿನ ಅಕ್ಕ ಇಳಿಯುವಂತಿರಲಿಲ್ಲ, ಇವಳು ಹತ್ತುವಂತಿರಲಿಲ್ಲ. ಜಗಳವೂ ಫೋನಿನಲ್ಲೇ, ರಾಜಿಯೂ ಫೋನಿನಲ್ಲೇ. ಈಗ ಅಕ್ಕನಿಗೆ ಎಂಬತ್ತು ತುಂಬುವುದರಲ್ಲಿತ್ತು.

"ಕುರ್ಚೀಲಿ ಕೂರಿಸ್ಕೊಂಡು ಎತ್ಕೊಂಡು ಹೋಗ್ತೀವಮ್ಮ," ಎಂದ ಮಗ.

"ನಾನೇನು ಅಕ್ಕಿ ಮೂಟೆನಾ? ನನ್ನ ಕಾಲಲ್ಲೇ ಹತ್ತಿ ಹೋಗಿ ಅವಳನ್ನ ತಬ್ಕೋಬೇಕು ಕಣೋ. ಮೊದಲು ಆ ಮೋಟಾರ್ ಬಿಚ್ಚು!"

ಡಾಕ್ಟರು ಮಗನ ಕಡೆಗೆ ಇರಲಿಲ್ಲ. "ತುಳೀಲಿ ಬಿಡಿ, ಆದ್ರೆ ನಿಧಾನಕ್ಕೆ. ಕುರ್ಚಿಯಿಂದ ಎದ್ದು ಕೂತು, ಎದ್ದು ಕೂತು ಮಾಡ್ಲಿ," ಎಂದರು. ಮಗ ಮುಖ ಊದಿಸಿಕೊಂಡೇ ಮೋಟಾರ್ ಬಿಚ್ಚಿದ.

ಟೈಲರಮ್ಮ ಅಕ್ಕನಿಗೆಂದು ಎರಡು ಜೇಬಿನ ನಿಲುವಂಗಿ ಹೊಲಿಯಲು ಕುಳಿತಳು. ಒಂದು ಅಂಚು ಮುಗಿಯುವಷ್ಟರಲ್ಲಿ ತೊಡೆ ಅಯ್ಯೋ ಎಂದಿತು. ಬೈದುಕೊಂಡು ಎದ್ದಳು, ಬೈದುಕೊಂಡೇ ಮತ್ತೆ ಕೂತಳು. ತೋಳು ಜೋಡಿಸುವ ಹೊತ್ತಿಗೆ ಗೋಡೆಯ ಆಸರೆ ಬಿಟ್ಟಿದ್ದಳು. ಕೊರಳಪಟ್ಟಿ ಹಾಕಿದ ದಿನ ಹೊಸ್ತಿಲ ಮೆಟ್ಟಿಲನ್ನು ಹತ್ತಿ ಇಳಿದು, ಯಾರೂ ನೋಡಲಿಲ್ಲವಲ್ಲ ಎಂದು ಬೇಜಾರಾಗಿ, ಮಗನನ್ನು ಕೂಗಿ ಕರೆದು ಇನ್ನೊಮ್ಮೆ ಹತ್ತಿದಳು.

ಈ ನಡುವೆ ಅಕ್ಕ ಫೋನೆತ್ತಿದಾಗಲೆಲ್ಲ ಏದುಸಿರು ಬಿಡುತ್ತಿದ್ದಳು.

"ಏನಕ್ಕಾ, ಹುಷಾರಿಲ್ವಾ?"

"ಹಾಲು ಉಕ್ತಿತ್ತು ಕಣೇ, ಓಡಿ ಬಂದೆ," ಎಂದು ಅಕ್ಕ ಮಾತು ಹಾರಿಸುತ್ತಿದ್ದಳು.

ಅಕ್ಕನ ಹುಟ್ಟುಹಬ್ಬದ ದಿನ ಬಂತು. ಟೈಲರಮ್ಮ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ನಿಲುವಂಗಿಯ ಪೊಟ್ಟಣ ಹಿಡಿದು ಹತ್ತತೊಡಗಿದಳು. ಹಿಂದೆ ಮಗ, ಯಾವುದಕ್ಕೂ ಇರಲಿ ಎಂದು ಕುರ್ಚಿ ಹೊತ್ತು ಬರುತ್ತಿದ್ದ. ಎರಡನೇ ಮಹಡಿಯ ತಿರುವಿನಲ್ಲಿ ಉಸಿರು ಕಟ್ಟಿದಂತಾಗಿ ನಿಂತಳು. ಇನ್ನು ಆಗದು ಎನಿಸಿ ಕಣ್ಣು ತುಂಬಿ ಬಂತು.

ಮೇಲಿನಿಂದ ಚಪ್ಪಲಿ ಸದ್ದು ಕೇಳಿಸಿತು. ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಮಂಡಿಯನ್ನು ಬೈಯುತ್ತಾ, ಅಕ್ಕ ಇಳಿದು ಬರುತ್ತಿದ್ದಳು.

"ನೀನ್ಯಾಕೆ ಇಳಿದೆ?"

"ನೀನು ಹತ್ತಲ್ಲ ಅಂತ ಗೊತ್ತಿತ್ತು. ಅದಕ್ಕೇ ದಿನಾ ಮೆಟ್ಟಿಲಲ್ಲಿ ಅಭ್ಯಾಸ ಮಾಡ್ದೆ. ನಿಂಗೆ ಹೇಳಿದ್ರೆ ಬೇಡ ಅಂತಿದ್ದೆ."

"ಹಾಲು ಉಕ್ತಿತ್ತು ಅಂದ್ಯಲ್ಲೇ ಕಳ್ಳಿ!"

ಇಬ್ಬರೂ ತಬ್ಬಿಕೊಂಡು ಅತ್ತರು, ಅಳುತ್ತಲೇ ನಕ್ಕರು, ನಗು ತಡೆಯಲಾಗದೆ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಮಗ ಮೇಲೆ ಹೋಗಿ ಕೇಕನ್ನು ಕುರ್ಚಿಯ ಮೇಲಿಟ್ಟು ಹೊತ್ತು ತಂದ.

ಅಕ್ಕ ಪೊಟ್ಟಣ ಬಿಚ್ಚಿ, ನಿಲುವಂಗಿಯ ಜೇಬಿನಲ್ಲಿ ಕೈಯಿಟ್ಟು ನೋಡಿ ಕೇಕ್ ಬಾಯಿಗೆ ಹಾಕಿಕೊಂಡಳು. "ನಾಳೆ ನಿಮ್ಮನೆಗೆ ನಾನೇ ಬರ್ತೀನಿ ಕಣೇ," ಎಂದಳು. "ಇವನಿಗೆ ಹೇಳು, ಕುರ್ಚಿ ತರೋದು ಬೇಡ."